ಕೈಸನ್ನೆಯಲ್ಲೇ ಪಾಠ: ವ್ಯಾಯಾಮದ ತರಗತಿಯನ್ನು ಮಾತು ಕಡಿಮೆ ಮಾಡಿ ನಡೆಸುವುದು ಹೇಗೆ

ಸಂಗೀತ ಜೋರಾಗಿತ್ತು. ಮುಂದಿನ ಹೆಜ್ಜೆ ಎಡಕ್ಕೆ. ನಾನು ‘ಎಡಕ್ಕೆ’ ಎಂದು ಕೂಗಿದೆ, ಕೂಗುತ್ತಲೇ ಕೈಯನ್ನೂ ಚಾಚಿದೆ. ಮೊದಲ ಸಾಲಿನಲ್ಲಿ ಮೂವರು ಎಡಕ್ಕೆ ಹೋದರು, ಇಬ್ಬರು ಬಲಕ್ಕೆ ಬಂದರು, ನಡುವೆ ಸಿಕ್ಕಿದ ಇಬ್ಬರ ಭುಜಕ್ಕೆ ಭುಜ ಬಡಿಯಿತು. ತರಗತಿ ಮುಗಿದ ಮೇಲೆ ಅವರಲ್ಲೊಬ್ಬರು ನನ್ನ ಬಳಿ ಬಂದು, ‘ನನಗೆ ತಾಳ ಹಿಡಿಯುವುದೇ ಬರುವುದಿಲ್ಲ, ಕ್ಷಮಿಸಿ’ ಎಂದರು. ಅಂದು ರಾತ್ರಿ ಮೊಬೈಲಿನಲ್ಲಿ ಚಿತ್ರೀಕರಿಸಿಕೊಂಡಿದ್ದ ತರಗತಿಯನ್ನು ನಿಧಾನಗತಿಯಲ್ಲಿ ನೋಡಿದೆ. ಅವರಿಗೆ ತಾಳ ಚೆನ್ನಾಗಿಯೇ ಸಿಕ್ಕಿತ್ತು. ತಡವಾಗಿದ್ದದ್ದು ನನ್ನ ಕೈ. ಹೆಜ್ಜೆ ಬೀಳಬೇಕಾದ ಬೀಟಿನ ಮೇಲೆಯೇ ನನ್ನ ತೋಳು ಏಳುತ್ತಿತ್ತು. ಅದು ಅವರ ಕಣ್ಣಿಗೆ ಬಿದ್ದು ಕಾಲಿಗೆ ತಿಳಿಯುವಷ್ಟರಲ್ಲಿ ಹೆಜ್ಜೆಯ ಹೊತ್ತು ದಾಟಿರುತ್ತಿತ್ತು.

ಗುಂಪಿಗೆ ವ್ಯಾಯಾಮ ಕಲಿಸುವವರು ಕೈಸನ್ನೆ, ನಿಲುವು, ನೋಟ, ಅಂತರ ಇವುಗಳನ್ನು ಹೇಗೆ ಬಳಸಬಹುದು ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಏರೋಬಿಕ್ಸ್, ಸ್ಟೆಪ್ (ಮೆಟ್ಟಿಲಿನಂಥ ಹಲಗೆಯನ್ನು ಹತ್ತಿಳಿಯುವ ವ್ಯಾಯಾಮ), ತೂಕದ ವ್ಯಾಯಾಮ, ಹಿರಿಯರ ತರಗತಿ ಎಲ್ಲಕ್ಕೂ ಇದು ಹೊಂದುತ್ತದೆ. ಸನ್ನೆ ಎಷ್ಟು ಅಂದವಾಗಿದೆ ಎನ್ನುವುದಕ್ಕಿಂತ ಎಷ್ಟು ಮುಂಚೆ ಬಂತು ಎನ್ನುವುದು ದೊಡ್ಡದು. ಹೆಚ್ಚಿನ ತರಬೇತುದಾರರು ಎಡವುವುದು ಅಲ್ಲೇ.

ಮಾತು ಕಡಿಮೆ ಮಾಡಲು ಕಾರಣಗಳಿವೆ. ದಿನಕ್ಕೆ ಎರಡು ಮೂರು ತರಗತಿ ನಡೆಸುವವರ ಗಂಟಲು ಸಂಗೀತದ ಮೇಲೆ ಕೂಗಿ ಕೂಗಿ ಒಡೆಯುತ್ತದೆ. ಇದು ಹೀಗೇ ಮುಂದುವರಿದರೆ ಧ್ವನಿತಂತುಗಳ ಮೇಲೆ ಗಂಟುಗಳೂ ಏಳಬಹುದು. ಕೂಗು ಕೇಳಿಸಲೆಂದು ಮೈಕ್ ಜೋರು ಮಾಡುತ್ತೇವೆ, ಮೈಕ್ ಕೇಳಿ ಸಂಗೀತವನ್ನೂ ಜೋರು ಮಾಡುತ್ತೇವೆ. ಕಿವಿಯ ಸುರಕ್ಷತೆಗಾಗಿ ಅಮೆರಿಕದ ಔದ್ಯೋಗಿಕ ಸುರಕ್ಷತಾ ಸಂಸ್ಥೆ ನಿಯೋಷ್ ಸೂಚಿಸುವ ಮಿತಿ 85 ಡೆಸಿಬೆಲ್, ಅದೂ ದಿನಕ್ಕೆ 8 ಗಂಟೆಯ ಲೆಕ್ಕದಲ್ಲಿ. ಪ್ರತಿ 3 ಡೆಸಿಬೆಲ್ ಹೆಚ್ಚಿದಂತೆ ಆ ಅವಧಿ ಅರ್ಧಕ್ಕೆ ಇಳಿಯುತ್ತದೆ. 94 ಡೆಸಿಬೆಲ್‌ನಲ್ಲಿ ಒಂದೇ ಗಂಟೆ, ಅಂದರೆ ಒಂದು ತರಗತಿಗೆ ಇಡೀ ದಿನದ ಪಾಲು ಮುಗಿಯಿತು. ಕೈಯಿಂದ ಹೇಳಬಹುದಾದದ್ದನ್ನು ಕೈಯಿಂದಲೇ ಹೇಳಿದರೆ ಗಂಟಲಿಗೂ ಕಿವಿಗೂ ಬಿಡುವು ಸಿಗುತ್ತದೆ.

ಹಾಗೆಂದು ‘ಸಂವಹನದಲ್ಲಿ ಮಾತಿನ ಪಾಲು ಶೇ 7 ಮಾತ್ರ’ ಎಂಬ ಹೇಳಿಕೆಯನ್ನು ನಂಬಿ ಮಾತನ್ನು ಕೈಬಿಡಬೇಡಿ. ಆ ಅಂಕಿ ಬಂದದ್ದು ಆಲ್ಬರ್ಟ್ ಮೆಹ್ರಾಬಿಯನ್ ಎಂಬ ಮನಶ್ಶಾಸ್ತ್ರಜ್ಞರ 1967ರ ಪ್ರಯೋಗಗಳಿಂದ. ಅಲ್ಲಿ ಅವರು ಪರೀಕ್ಷಿಸಿದ್ದು ಇಷ್ಟ, ಅನಿಷ್ಟಗಳಂಥ ಭಾವನೆಗಳನ್ನು ಜನ ಹೇಗೆ ಊಹಿಸುತ್ತಾರೆ ಎಂಬುದನ್ನು, ಮಾತಿಗೂ ಮುಖಕ್ಕೂ ಹೊಂದಿಕೆಯಾಗದ ಸಂದರ್ಭಗಳಲ್ಲಿ. ಮೊಣಕಾಲು ನೋಯುವವರು ಲಂಜ್ (ಒಂದು ಕಾಲನ್ನು ಮುಂದಿಟ್ಟು ಮೊಣಕಾಲು ಬಗ್ಗಿಸಿ ಇಳಿಯುವುದು) ಬದಲು ಏನು ಮಾಡಬೇಕು ಎಂಬುದನ್ನು ಮುಖಭಾವದಿಂದ ಹೇಳಲಾಗದು. ಅದಕ್ಕೆ ಮಾತೇ ಬೇಕು.

ಹಂತ 1: ನಿಮ್ಮ ತರಗತಿಯನ್ನು ಶಬ್ದವಿಲ್ಲದೆ ನೋಡಿ

ಎಲ್ಲರ ಒಪ್ಪಿಗೆ ಕೇಳಿ, ಹಿಂದಿನ ಸಾಲಿನವರ ಕಣ್ಣಿನ ಎತ್ತರದಲ್ಲಿ ಮೊಬೈಲ್ ಇಟ್ಟು ಒಂದು ತರಗತಿಯನ್ನು ಪೂರ್ತಿ ಚಿತ್ರೀಕರಿಸಿ. ಮನೆಗೆ ಹೋಗಿ ಶಬ್ದ ಮುಚ್ಚಿ ನೋಡಿ. ವ್ಯಾಯಾಮ ಬದಲಾಗುವ ಪ್ರತಿ ಜಾಗದಲ್ಲೂ ವಿಡಿಯೊ ನಿಲ್ಲಿಸಿ ಕೇಳಿಕೊಳ್ಳಿ: ಈಗ ಏನು ಬರಲಿದೆ ಎಂದು ನನಗೆ ತಿಳಿಯಿತೇ? ಯಾವಾಗ ತಿಳಿಯಿತು? ಹಿಂದಿನ ಸಾಲಿನಿಂದ ನನ್ನ ಪಾದ ಕಾಣುತ್ತಿದೆಯೇ?

ಇನ್ನೊಂದು ಸಂಗತಿಯೂ ಕಣ್ಣಿಗೆ ಬೀಳುತ್ತದೆ. ಏನೂ ಹೇಳದ ಕೈಗಳು. ಬೆವರು ಒರೆಸುವುದು, ಮೈಕ್ ಸರಿಪಡಿಸಿಕೊಳ್ಳುವುದು, ಉತ್ಸಾಹಕ್ಕೆಂದು ಸುಮ್ಮನೆ ಬೆರಳು ತೋರಿಸುವುದು, ಪ್ರತಿ ಬೀಟಿಗೂ ಕೈ ಬೀಸುವುದು. ಇವೆಲ್ಲ ಕಣ್ಣಿಗೆ ಗದ್ದಲ. ಗದ್ದಲದ ನಡುವೆ ನಿಜವಾದ ಸನ್ನೆ ಕಳೆದುಹೋಗುತ್ತದೆ. ಹೊಸ ಸನ್ನೆ ಕಲಿಯುವ ಮೊದಲು ಈ ಹಳೆಯ ಅಭ್ಯಾಸಗಳನ್ನು ಕಳಚಿ. ಹೇಳಲು ಏನೂ ಇಲ್ಲದಾಗ ಕೈ ವ್ಯಾಯಾಮವನ್ನಷ್ಟೇ ಮಾಡಲಿ.

ಹಂತ 2: ಹತ್ತು ಹನ್ನೆರಡು ಸನ್ನೆ ಆರಿಸಿಕೊಳ್ಳಿ

ಹೆಚ್ಚು ಬೇಡ. ಮೂವತ್ತು ಸನ್ನೆ ಮಾಡಿದರೆ ನೀವೇ ಮರೆಯುತ್ತೀರಿ. ನಾನು ನಿತ್ಯ ಬಳಸುವವು ಇವು:

ದಿಕ್ಕಿಗೆ ಇಡೀ ತೋಳು, ಭುಜದ ಎತ್ತರಕ್ಕಿಂತ ತುಸು ಮೇಲೆ. ಒಂಟಿ ಬೆರಳು ಹಿಂದಿನ ಸಾಲಿಗೆ ಕಾಣುವುದಿಲ್ಲ.
ಮುಂದೆ ಬನ್ನಿ ಎನ್ನಲು ಎರಡೂ ಕೈಗಳಿಂದ ನನ್ನ ಕಡೆಗೆ ಕರೆಯುವುದು. ಹಿಂದೆ ಹೋಗಿ ಎನ್ನಲು ಅಂಗೈ ಅವರತ್ತ ಮಾಡಿ ಗಾಳಿಯನ್ನು ತಳ್ಳುವುದು.
ಇದನ್ನೇ ಮುಂದುವರಿಸಿ: ತಲೆಯ ಮೇಲೆ ತೋರುಬೆರಳನ್ನು ವೃತ್ತವಾಗಿ ತಿರುಗಿಸುವುದು.
ಮೊದಲಿನಿಂದ: ಅಂಗೈಯಿಂದ ನೆತ್ತಿ ತಟ್ಟಿಕೊಳ್ಳುವುದು.
ಮೊದಲು ನೋಡಿ, ಆಮೇಲೆ ಮಾಡಿ: ಎರಡು ಬೆರಳು ನನ್ನ ಕಣ್ಣಿಗೆ, ನಂತರ ನನ್ನ ಕಾಲಿಗೆ.
ಅಲ್ಲೇ ಹಿಡಿದಿಡಿ: ಮುಷ್ಟಿ ಮೇಲಕ್ಕೆ.
ನಿಲ್ಲಿಸಿ: ಎರಡೂ ತೋಳು ಎದೆಯ ಮುಂದೆ ಅಡ್ಡ.
ಸುಲಭದ ರೂಪಕ್ಕೆ ಬನ್ನಿ: ಅಂಗೈ ನೆಲದತ್ತ, ಸೊಂಟದ ಎತ್ತರದಲ್ಲಿ ನಿಧಾನವಾಗಿ ಕೆಳಕ್ಕೆ.

ಇಲ್ಲೊಂದು ತೊಡಕಿದೆ. ಎರಡು ಬೆರಳು ತೋರಿಸಿದರೆ ‘ಇನ್ನು ಎರಡು ಸಲ’ ಎಂದೇ, ‘ಜೋಡಿ ಹೆಜ್ಜೆ’ ಎಂದೇ? ನನ್ನ ತರಗತಿಯಲ್ಲಿ ಈ ಗೊಂದಲ ಬಹಳ ಕಾಲ ಇತ್ತು. ಕೊನೆಗೆ ಜಾಗದಿಂದ ಬೇರ್ಪಡಿಸಿದೆ: ಉಳಿದ ಎಣಿಕೆಯ ಬೆರಳುಗಳು ತಲೆಯ ಮೇಲೆ, ಒಂಟಿ ಅಥವಾ ಜೋಡಿ ಹೆಜ್ಜೆಯ ಬೆರಳುಗಳು ಎದೆಯ ಮುಂದೆ. ಅಂದಿನಿಂದ ಆ ತೊಂದರೆ ಬಂದಿಲ್ಲ. ಒಂದು ಸನ್ನೆಗೆ ಒಂದೇ ಅರ್ಥ, ಒಂದೇ ಜಾಗ.

ಸಮುದ್ರದಡಿ ಈಜುವ ಮುಳುಗುಗಾರರನ್ನು ನೋಡಿ. ಅವರಲ್ಲಿ ಹೆಬ್ಬೆರಳು ಮೇಲೆ ಮಾಡಿದರೆ ‘ಮೇಲಕ್ಕೆ ಹೋಗೋಣ’ ಎಂದರ್ಥ. ‘ನಾನು ಚೆನ್ನಾಗಿದ್ದೇನೆ’ ಎನ್ನಲು ಹೆಬ್ಬೆರಳು ಮತ್ತು ತೋರುಬೆರಳು ಸೇರಿಸಿ ಉಂಗುರ ಮಾಡುತ್ತಾರೆ. ಹೊರಗಿನ ರೂಢಿಯನ್ನು ಅಲ್ಲಿಗೆ ತಂದರೆ ಅಪಾಯ, ಆದ್ದರಿಂದ ನೀರಿಗೆ ಇಳಿಯುವ ಮೊದಲೇ ಸನ್ನೆಗಳನ್ನು ಕೂತು ಕಲಿಯುತ್ತಾರೆ. ನಮ್ಮ ತರಗತಿಗೂ ಇದೇ ಸರಿ. ಎತ್ತಿದ ಹೆಬ್ಬೆರಳೂ ಬೆರಳಿನ ಉಂಗುರವೂ ಕೆಲವು ಸಮಾಜಗಳಲ್ಲಿ ಬೈಗುಳಕ್ಕೆ ಸಮ. ಹಲವು ಕಡೆಯ ಜನ ಸೇರುವ ತರಗತಿಯಾದರೆ ಅವೆರಡನ್ನು ಬಿಟ್ಟು ತಲೆಯಾಡಿಸುವ, ಚಪ್ಪಾಳೆ ತಟ್ಟುವ ಮೆಚ್ಚುಗೆ ಇಟ್ಟುಕೊಳ್ಳಿ.

ಕಲಿಸುವುದು ವಾರ್ಮ್‌ಅಪ್‌ನಲ್ಲಿ. ಆಗ ಚಲನೆಗಳು ಸರಳ, ಉಸಿರು ಇನ್ನೂ ಹತೋಟಿಯಲ್ಲಿರುತ್ತದೆ, ಕಣ್ಣು ನಿಮ್ಮ ಮೇಲಿರುತ್ತದೆ. ಮೊದಲ ಕೆಲವು ತರಗತಿ ಸನ್ನೆಯ ಜೊತೆ ಮಾತನ್ನೂ ಹೇಳಿ. ನಂತರ ಮಾತನ್ನು ಪಿಸುಮಾತಿಗೆ ಇಳಿಸಿ, ಆಮೇಲೆ ಬಿಟ್ಟುಬಿಡಿ. ಹೊಸಬರು ಬಂದ ದಿನ ಎರಡು ನಿಮಿಷ ಮತ್ತೆ ಹೇಳಿಕೊಡಿ. ಹಳಬರಿಗೆ ಅದು ಬೇಸರವಾಗುವುದಿಲ್ಲ.

ಹಂತ 3: ಎಣಿಕೆಗಿಂತ ಮುಂಚೆ ಕೈ ಎತ್ತಿ

ಇದಕ್ಕೆ ನೀವು ಹೆಚ್ಚು ಸಮಯ ಕೊಡಬೇಕು. ತರಗತಿಗೆಂದೇ ಜೋಡಿಸಿದ ಸಂಗೀತ ಸಾಮಾನ್ಯವಾಗಿ 8 ಎಣಿಕೆಯ ಗುಂಪುಗಳಲ್ಲಿ, ಅಂಥ ನಾಲ್ಕು ಸೇರಿ 32 ಎಣಿಕೆಯ ಚರಣಗಳಲ್ಲಿ ಸಾಗುತ್ತದೆ. ನಿಮಿಷಕ್ಕೆ 128 ಬೀಟ್ ಇರುವ ಹಾಡಿನಲ್ಲಿ 32 ಎಣಿಕೆ ಸರಿಯಾಗಿ 15 ಸೆಕೆಂಡಿಗೆ ಮುಗಿಯುತ್ತದೆ. ಅದರೊಳಗಿನ 4 ಎಣಿಕೆ ಎಂದರೆ 2 ಸೆಕೆಂಡಿಗೂ ಸ್ವಲ್ಪ ಕಡಿಮೆ. ನಿಮ್ಮ ಸನ್ನೆಯನ್ನು ನೋಡಿ, ಅರ್ಥ ಮಾಡಿಕೊಂಡು, ತೂಕವನ್ನು ಇನ್ನೊಂದು ಕಾಲಿಗೆ ಬದಲಿಸಲು ಅವರಿಗೆ ಸಿಗುವ ಕಾಲ ಅಷ್ಟೇ. ಯಾವ ಮುನ್ಸೂಚನೆಯೂ ಇಲ್ಲದೆ ಎಣಿಕೆ 8ರಲ್ಲಿ ಮಾತ್ರ ಕೈ ಎತ್ತಿದರೆ ಅರ್ಧ ಸೆಕೆಂಡೂ ಸಿಗುವುದಿಲ್ಲ.

ಆದ್ದರಿಂದ ಕೊನೆಯ ಎಂಟನ್ನು ಹೀಗೆ ಬಳಸಿ. 1ರಿಂದ 4ರವರೆಗೆ ಸುಮ್ಮನೆ ಚಲನೆ ಮಾಡಿ, ಕೈಗಳನ್ನು ಶಾಂತವಾಗಿಡಿ. 5ರಲ್ಲಿ ತಲೆಯ ಮೇಲೆ ನಾಲ್ಕು ಬೆರಳು. 6ರಲ್ಲಿ ಮೂರು. 7ರಲ್ಲಿ ಎರಡು. 8ರಲ್ಲಿ ಒಂದು ಬೆರಳು ತೋರಿಸುವ ಬದಲು ಮುಂದಿನ ಚಲನೆಯ ಸನ್ನೆ, ಉದಾಹರಣೆಗೆ ಎಡಕ್ಕೆ ಚಾಚಿದ ತೋಳು. ಒಂದು ಎಂಬ ಜಾಗವನ್ನು ಸನ್ನೆಗೆ ಬಿಟ್ಟುಕೊಡುವುದು ಇಲ್ಲಿನ ಮುಖ್ಯ ಸೂಕ್ಷ್ಮ. ಬೆರಳು ಇಳಿಯುತ್ತಾ ಬರುವುದನ್ನು ಕಂಡೊಡನೆ ಏನೋ ಬದಲಾಗಲಿದೆ ಎಂದು ಮೈ ಎಚ್ಚರಗೊಳ್ಳುತ್ತದೆ. ಹಳೆಯ, ಪರಿಚಿತ ಚಲನೆಗೆ ಇಷ್ಟು ಸಾಕು.

ಹೊಸ ಚಲನೆಗೆ ಸಾಲದು. 8ರಲ್ಲಿ ಸನ್ನೆ ಕಂಡರೆ ಅದರ ಹೆಸರು ನೆನಪಾಗುತ್ತದೆ, ಚಲನೆ ನೆನಪಾಗುವುದಿಲ್ಲ. ಹಾಗಿದ್ದಾಗ ಇಡೀ 8 ಎಣಿಕೆ ಮೊದಲೇ ಶುರುಮಾಡಿ: ‘ನೋಡಿ’ ಎಂಬ ಸನ್ನೆ ಕೊಟ್ಟು, ಅವರು ಹಳೆಯ ಹೆಜ್ಜೆಯಲ್ಲೇ ಇರುವಾಗ ನೀವು ಮಾತ್ರ ಹೊಸ ಹೆಜ್ಜೆಯನ್ನು ಒಮ್ಮೆ ಮಾಡಿ ತೋರಿಸಿ, ಹಳೆಯದಕ್ಕೆ ಮರಳಿ, ನಂತರ ನಾಲ್ಕು-ಮೂರು-ಎರಡು. ಕಾಲು ತನ್ನ ಪಾಡಿಗೆ ಹಳೆಯ ಕೆಲಸ ಮಾಡುತ್ತಿರುವಾಗ ಕಣ್ಣು ಹೊಸದನ್ನು ಓದಿಕೊಳ್ಳುತ್ತದೆ. ಒಂದು ಸಲಕ್ಕೆ ಒಂದೇ ಸಂಗತಿ ಬದಲಿಸಿ: ಮೊದಲು ಕಾಲು, ಆಮೇಲೆ ದಿಕ್ಕು, ಕೊನೆಗೆ ಕೈ.

ತೂಕದ ವ್ಯಾಯಾಮದಲ್ಲಿ ಸನ್ನೆ ವೇಗವನ್ನೂ ಹೇಳಬೇಕು. ಸ್ಕ್ವಾಟ್‌ನಲ್ಲಿ (ಕುರ್ಚಿಯಲ್ಲಿ ಕೂರುವಂತೆ ಮೊಣಕಾಲು ಬಗ್ಗಿಸಿ ಇಳಿದೇಳುವುದು) 4 ಎಣಿಕೆಗೆ ಇಳಿದು 2ಕ್ಕೆ ಏಳಬೇಕಾದರೆ ಎದೆಯ ಮುಂದಿನ ಅಂಗೈಯನ್ನು 4 ಎಣಿಕೆ ಹಿಡಿಯುವಷ್ಟು ನಿಧಾನವಾಗಿ ಇಳಿಸಿ, ಲಿಫ್ಟ್ ಇಳಿಯುವಂತೆ. ನಿಮ್ಮ ಕೈ ಧಡಕ್ಕನೆ ಬಿದ್ದರೆ ಅವರ ಸೊಂಟವೂ ಧಡಕ್ಕನೆ ಬೀಳುತ್ತದೆ. ಚಲನೆ ದೊಡ್ಡದಾಗಿರಬೇಕಾದರೆ ಸನ್ನೆಯೂ ದೊಡ್ಡದು, ಚಿಕ್ಕದಾಗಿರಬೇಕಾದರೆ ಬೆರಳ ತುದಿಯಷ್ಟು. ಕೈಯ ಗತಿಯೇ ಮೈಯ ಗತಿ.

ಅಭ್ಯಾಸ ಮಾಡುವಾಗ ಒಬ್ಬರೇ ಹಾಡು ಹಾಕಿಕೊಂಡು, ವ್ಯಾಯಾಮ ಮಾಡದೆ, ಕುರ್ಚಿಯಲ್ಲಿ ಕೂತು ಕೈಗಳನ್ನಷ್ಟೇ ಆಡಿಸಿ. ಹಾಡಿನ ತಿರುವು ಎಲ್ಲಿ ಬರುತ್ತದೆಂದು ಕೈಗೆ ಮೊದಲೇ ಗೊತ್ತಾಗುವವರೆಗೆ. ಒಂದು ಹಾಡಿಗೆ ಮೂರು ನಾಲ್ಕು ದಿನ ಬೇಕಾದೀತು.

ಹಂತ 4: ಅವರಿಗೆ ಕನ್ನಡಿಯಾಗಿ

ತರಗತಿಗೆ ಮುಖ ಮಾಡಿ ನಿಂತಾಗ ಅವರ ಬಲ ನಿಮ್ಮ ಎಡ. ಅವರು ಬಲಗಾಲು ಎತ್ತಬೇಕಾದರೆ ನೀವು ಎಡಗಾಲು ಎತ್ತಿ, ಬಾಯಲ್ಲಿ ‘ಬಲ’ ಎನ್ನಿ. ಮೊದಲ ಎರಡು ವಾರ ತಲೆ ಕೆಡುತ್ತದೆ. ಬಲ, ಎಡ ಎಂಬ ಪದಗಳನ್ನೇ ಕಡಿಮೆ ಮಾಡಿ, ಕೋಣೆಯಲ್ಲಿರುವ ವಸ್ತುಗಳ ಹೆಸರು ಹೇಳುವುದು ಒಂದು ದಾರಿ: ಬಾಗಿಲ ಕಡೆ, ಕಿಟಕಿಯ ಕಡೆ. ಬಾಗಿಲು ಎಲ್ಲರಿಗೂ ಒಂದೇ ಕಡೆ ಇರುತ್ತದೆ.

ಮುಂದೆ, ಹಿಂದೆ ಎನ್ನುವುದೂ ಕನ್ನಡಿಯಂತೆಯೇ. ಅವರು ನಿಮ್ಮತ್ತ ಬರುವಾಗ ನೀವೂ ಅವರತ್ತ ಬರಬೇಕು. ಜಾಗ ಕಡಿಮೆಯಿದ್ದರೆ ನಿಂತಲ್ಲೇ ಹೆಜ್ಜೆ ಹಾಕಿ, ಕೈಯಿಂದ ಕರೆಯಿರಿ.

ಬೆನ್ನು ತಿರುಗಿಸಿ ಕಲಿಸುವುದು ತಪ್ಪಲ್ಲ. ಸುತ್ತು ತಿರುಗುವ, ಕರ್ಣರೇಖೆಯಲ್ಲಿ ಸಾಗುವ ಜಟಿಲ ಹೆಜ್ಜೆಗಳನ್ನು ಹಿಂದಿನಿಂದ ನೋಡಿ ಕಲಿಯುವುದೇ ಸುಲಭ. ಎಡ ಎಡವೇ, ಬಲ ಬಲವೇ. ಆದರೆ ಬೆನ್ನು ತಿರುಗಿಸಿದಾಗ ಎದೆಯ ಮುಂದಿನ ಸನ್ನೆ ಯಾರಿಗೂ ಕಾಣುವುದಿಲ್ಲ. ಕೈಗಳನ್ನು ಕಿವಿಗಿಂತ ಮೇಲೆ, ಮೈಯಿಂದ ಹೊರಗೆ ಚಾಚಿ. ಗೋಡೆಗನ್ನಡಿ ಇದ್ದರೆ ಅದರಲ್ಲಿ ಅವರನ್ನೇ ನೋಡಿ, ನಿಮ್ಮನ್ನಲ್ಲ. ಹೆಜ್ಜೆ ಕೂಡಿದೊಡನೆ ಮತ್ತೆ ಅವರಿಗೆ ಮುಖ ಮಾಡಿ. ಹೀಗೆ ತಿರುಗುವಾಗ ನೀವು ಮೊದಲು ಎತ್ತುವ ಕಾಲು ಬದಲಾಗಬೇಕು ಎನ್ನುವುದನ್ನು ಮರೆಯಬೇಡಿ. ಒಂದು ಎಣಿಕೆಯಲ್ಲಿ ತೂಕ ಬದಲಿಸದೆ ಪಾದವನ್ನು ನೆಲಕ್ಕೆ ತಟ್ಟಿ ಬದಲಿಸಿಕೊಳ್ಳಬಹುದು.

ಹಂತ 5: ಎಲ್ಲಿ ನಿಲ್ಲುತ್ತೀರಿ, ಯಾವ ಕೋನ ತೋರಿಸುತ್ತೀರಿ

ಸ್ಕ್ವಾಟ್ ಅನ್ನು ಎದುರಿನಿಂದ ತೋರಿಸಿದರೆ ಮೊಣಕಾಲು ಪಾದದ ದಿಕ್ಕಿನಲ್ಲಿದೆಯೇ ಎಂಬುದು ಕಾಣುತ್ತದೆ, ಸೊಂಟ ಹಿಂದಕ್ಕೆ ಎಷ್ಟು ಹೋಯಿತು ಎಂಬುದು ಕಾಣುವುದಿಲ್ಲ. ಮುಂದೆ ಹಿಂದೆ ಸಾಗುವ ಚಲನೆಗಳನ್ನು (ಸ್ಕ್ವಾಟ್, ಲಂಜ್, ಸೊಂಟದಿಂದ ಬಾಗುವುದು) ಪಕ್ಕದಿಂದ ತೋರಿಸಿ. ಪಕ್ಕಕ್ಕೆ ಸಾಗುವ ಚಲನೆಗಳನ್ನು (ಕೈಕಾಲು ಅಗಲಿಸುತ್ತ ಜಿಗಿಯುವ ಜಂಪಿಂಗ್ ಜ್ಯಾಕ್, ತೋಳನ್ನು ಪಕ್ಕಕ್ಕೆ ಎತ್ತುವುದು) ಎದುರಿನಿಂದ. ಮೊದಲ ನಾಲ್ಕು ಸಲ ಒಂದು ಕೋನ, ನಂತರ ಕಾಲು ಭಾಗ ತಿರುಗಿ ಇನ್ನೊಂದು ಕೋನ ಎಂದು ನಾನು ಮಾಡುತ್ತೇನೆ.

ಬಟ್ಟೆಯ ಬಗ್ಗೆ ಒಂದೇ ಮಾತು: ಮೊಣಕಾಲು ಮತ್ತು ಪಾದ ಕಾಣುವಂತಿರಲಿ, ಹಿಂದಿನ ಗೋಡೆಯ ಬಣ್ಣಕ್ಕೆ ಬೆರೆಯದಿರಲಿ. ಕಿಟಕಿಗೆ ಬೆನ್ನು ಮಾಡಿ ನಿಂತರೆ ನೀವು ಕಪ್ಪು ನೆರಳಾಗುತ್ತೀರಿ.

ಇಡೀ ತರಗತಿಯನ್ನು ಮುಂದಿನ ವೇದಿಕೆಯಿಂದಲೇ ನಡೆಸಬೇಡಿ. ಚಲನೆ ಕೂಡಿದ ಮೇಲೆ ಕೆಳಗಿಳಿದು, ಬದಿಯಿಂದ ಹಿಂದಿನ ಸಾಲಿಗೆ ನಡೆಯಿರಿ. ಹಿಂದೆ ನಿಲ್ಲುವವರು ಬಹಳ ಸಲ ನಾಚಿಕೆಯಿಂದ ಅಲ್ಲಿ ನಿಂತಿರುತ್ತಾರೆ. ನೀವು ಅವರ ಪಕ್ಕದಲ್ಲಿ ನಿಂತು ನಾಲ್ಕು ಸಲ ಜೊತೆಗೆ ಮಾಡಿದರೆ ಸಾಕು, ಒಂದು ಮಾತೂ ಬೇಡ. ಅಂತರದ ಬಗ್ಗೆ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1960ರ ದಶಕದಲ್ಲಿ ಬರೆದದ್ದು ಇಲ್ಲಿ ಉಪಯೋಗಕ್ಕೆ ಬರುತ್ತದೆ: ಅವರು ಗಮನಿಸಿದ ಜನರಲ್ಲಿ ಸುಮಾರು 45 ಸೆಂಟಿಮೀಟರ್‌ಗಿಂತ ಹತ್ತಿರದ ಜಾಗ ಆಪ್ತರಿಗೆ ಮೀಸಲು, ಅಲ್ಲಿಂದ 1.2 ಮೀಟರ್‌ವರೆಗೆ ಪರಿಚಿತರಿಗೆ. ಈ ಅಳತೆ ಸಮಾಜದಿಂದ ಸಮಾಜಕ್ಕೆ ಬದಲಾಗುತ್ತದೆ ಎಂದೂ ಅವರೇ ಹೇಳಿದ್ದಾರೆ. ನಾನು ಒಂದು ತೋಳಿನಷ್ಟು ದೂರ ಇಟ್ಟುಕೊಂಡು, ಎದುರಿಗೆ ನಿಲ್ಲದೆ ಪಕ್ಕಕ್ಕೆ ನಿಲ್ಲುತ್ತೇನೆ. ಎದುರು ನಿಂತರೆ ಪರೀಕ್ಷೆ ಮಾಡುತ್ತಿರುವಂತೆ ಅನ್ನಿಸುತ್ತದೆ.

ಹಂತ 6: ಹೆಸರು ಕೂಗದೆ ತಿದ್ದಿ

ಒಬ್ಬರು ಸ್ಕ್ವಾಟ್ ಮಾಡುತ್ತಿದ್ದಾರೆ, ಏಳುವಾಗಲೆಲ್ಲ ಮೊಣಕಾಲುಗಳು ಒಳಗೆ ಕುಸಿಯುತ್ತಿವೆ. ಮೈಕಿನಲ್ಲಿ ಹೇಳಿದರೆ ಎಲ್ಲರೂ ತಿರುಗಿ ನೋಡುತ್ತಾರೆ. ನಾನು ಮಾಡುವುದು ಹೀಗೆ. ಅವರಿಗೆ ಕಾಣುವ ಜಾಗಕ್ಕೆ ಹೋಗಿ, ಕಣ್ಣು ಕೂಡಿದೊಡನೆ ನಾನೂ ಸ್ಕ್ವಾಟ್‌ಗೆ ಇಳಿಯುತ್ತೇನೆ. ನನ್ನ ಮೊಣಕಾಲುಗಳನ್ನು ಸ್ವಲ್ಪ ಒಳಗೆ ಬಿಟ್ಟು, ಎರಡೂ ಅಂಗೈಗಳಿಂದ ಅವನ್ನು ಹೊರಗೆ ತಳ್ಳಿ, ಪಾದದ ನೇರಕ್ಕೆ ತಂದು, ತಲೆಯಾಡಿಸುತ್ತೇನೆ. ಮುಂದಿನ ಸಲ ಅವರ ಕಣ್ಣು ತಮ್ಮ ಮೊಣಕಾಲಿಗೆ ಇಳಿಯುತ್ತದೆ. ಅದರ ಮುಂದಿನ ಸಲ ಮೊಣಕಾಲು ಹೊರಗೆ ಬರುತ್ತದೆ. ಆಗ ಅಲ್ಲೇ ನಿಂತು ನಸುನಕ್ಕು ಮುಂದೆ ಸಾಗಬೇಕು. ತಿದ್ದಿಕೊಂಡದ್ದನ್ನು ನೀವು ಕಂಡಿರಿ ಎಂದು ಅವರಿಗೆ ತಿಳಿಯದಿದ್ದರೆ ತಿದ್ದುಪಡಿ ಅರ್ಧಕ್ಕೇ ನಿಂತಂತೆ. ತಪ್ಪನ್ನು ತೋರಿಸುವುದು ಒಂದು ಕ್ಷಣ ಮಾತ್ರ, ಸರಿಯಾದದ್ದನ್ನು ಎರಡು ಮೂರು ಸಲ. ಕಣ್ಣಿಗೆ ಕೊನೆಗೆ ಬಿದ್ದದ್ದೇ ಮೈಯಲ್ಲಿ ಉಳಿಯಲಿ.

ಯಾವ ಸ್ನಾಯು ಕೆಲಸ ಮಾಡಬೇಕು ಎಂಬುದನ್ನು ನಿಮ್ಮ ಮೈಯನ್ನೇ ಮುಟ್ಟಿ ತೋರಿಸಿ: ಹೊಟ್ಟೆಯ ಮೇಲೆ ಅಂಗೈ, ಭುಜದ ಹಿಂದೆ ಬೆರಳು.

ಮುಟ್ಟುವ ಬದಲು ಗುರಿ ಕೊಡಿ ಎನ್ನುವುದು ನನಗೆ ಬಹಳ ಪ್ರಿಯವಾದ ಉಪಾಯ. ಸೊಂಟದಿಂದ ಬಾಗುವಾಗ ಬೆನ್ನು ಗೂನಾಗುವವರನ್ನು ಗೋಡೆಯಿಂದ ಒಂದು ಗೇಣು ಮುಂದೆ, ಗೋಡೆಗೆ ಬೆನ್ನು ಮಾಡಿ ನಿಲ್ಲಿಸಿ. ಸೊಂಟದಿಂದ ಗೋಡೆ ಮುಟ್ಟಲು ಸನ್ನೆ ಮಾಡಿ. ಮೊಣಕಾಲು ಎತ್ತುವಾಗ ನಿಮ್ಮ ಅಂಗೈಯನ್ನು ಗಾಳಿಯಲ್ಲಿ ಹಿಡಿದು ಅಲ್ಲಿಗೆ ತಲುಪಲು ಬಿಡಿ. ಅವರ ಮೈಗೆ ನಿಮ್ಮ ಕೈ ಹೋಗುವುದಿಲ್ಲ, ಅವರೇ ಗುರಿಯತ್ತ ಬರುತ್ತಾರೆ.

ಮುಟ್ಟಲೇಬೇಕಾದರೆ ಕೇಳಿ ಮುಟ್ಟಿ. ತರಗತಿ ಶುರುವಾಗುವ ಮೊದಲೇ ಒಮ್ಮೆ ಕೇಳಿ, ಮುಟ್ಟುವ ಹೊತ್ತಿಗೆ ಇನ್ನೊಮ್ಮೆ. ಎಲ್ಲರ ಮುಂದೆ ಬೇಡ ಎನ್ನಲು ಸಂಕೋಚಪಡುವವರಿಗಾಗಿ ಚಾಪೆಯ ಮೂಲೆಯಲ್ಲಿ ಇಡಬಹುದಾದ ಒಂದು ಚೀಟಿಯ ಏರ್ಪಾಡು ಮಾಡಿ. ಒಮ್ಮೆ ಹೂಂ ಎಂದವರು ಇನ್ನೊಂದು ದಿನ ಬೇಡ ಎನ್ನಬಹುದು. ಉತ್ತರ ತಡವಾದರೆ, ಭುಜ ಬಿಗಿಯಾದರೆ ಅದನ್ನು ಬೇಡ ಎಂದೇ ತಿಳಿಯಿರಿ.

ಹಂತ 7: ಮುಖ

ಫ್ರಾನ್ಸಿನ ವೈದ್ಯ ದ್ಯುಷೆನ್ 1862ರಲ್ಲೇ ಗುರುತಿಸಿದಂತೆ ಮನಸಾರೆ ಬಂದ ನಗು ಬಾಯಿಯ ಜೊತೆ ಕಣ್ಣಿನ ಸುತ್ತಲ ಸ್ನಾಯುವನ್ನೂ ಎಳೆಯುತ್ತದೆ. ಐವತ್ತು ನಿಮಿಷ ಬಾಯಗಲಿಸಿ ನಗುವುದು ಬೇಡ. ಕಷ್ಟದ ವ್ಯಾಯಾಮದಲ್ಲಿ ನಿಮ್ಮ ಮುಖದಲ್ಲೂ ಶ್ರಮ ಕಾಣಲಿ, ಆದರೆ ದವಡೆ ಸಡಿಲವಾಗಿರಲಿ. ನೀವು ಹಲ್ಲು ಕಚ್ಚಿದರೆ ಎದುರಿನವರೂ ಕಚ್ಚುತ್ತಾರೆ, ನೀವು ಉಸಿರು ಹಿಡಿದರೆ ಅವರೂ ಹಿಡಿಯುತ್ತಾರೆ. ಶ್ರಮದ ಭಾಗದಲ್ಲಿ ತುಟಿ ದುಂಡಗೆ ಮಾಡಿ ಉಸಿರು ಬಿಡುವುದನ್ನು ಎಲ್ಲರಿಗೂ ಕಾಣುವಂತೆ ಮಾಡಿ. ನೋಟವನ್ನು ಒಬ್ಬೊಬ್ಬರ ಮೇಲೆ ಒಂದು ಚಲನೆಯಷ್ಟು ಹೊತ್ತು ನಿಲ್ಲಿಸಿ, ಮುಂದಿನವರಿಗೆ ಹೋಗಿ. ಒಂದು ತರಗತಿಯಲ್ಲಿ ನಿಮ್ಮ ಕಣ್ಣು ಸೇರದ ಒಬ್ಬರೂ ಉಳಿಯಬಾರದು.

ಹಂತ 8: ಅವರ ಮೈ ಹೇಳುವುದನ್ನು ಓದಿ

ನಿಮ್ಮ ಬಾಯಿ ಸುಮ್ಮನಾದಾಗ ಸಿಗುವ ದೊಡ್ಡ ಲಾಭ ಇದು. ಪಕ್ಕದವರ ಕಾಲನ್ನೇ ನೋಡುತ್ತಿರುವವರಿಗೆ ನಿಮ್ಮ ಸನ್ನೆ ತಲುಪಿಲ್ಲ. ಕಿವಿಯತ್ತ ಏರಿದ ಭುಜ, ಬಿಳಿಚಿದ ಬೆರಳ ಗೆಣ್ಣು, ಬಿಗಿದ ಕುತ್ತಿಗೆ ಕಂಡರೆ ತೂಕ ಹೆಚ್ಚಾಯಿತು. ಗಡಿಯಾರದತ್ತ ಪದೇ ಪದೇ ಹೋಗುವ ನೋಟಕ್ಕೆ ಬೇಸರ ಒಂದೇ ಕಾರಣವಲ್ಲ, ದಣಿವೂ ಇರಬಹುದು.

ಶ್ರಮವನ್ನು ಬೆರಳುಗಳಿಂದ ಕೇಳಬಹುದು. ಸ್ವೀಡನ್ನಿನ ಮನಶ್ಶಾಸ್ತ್ರಜ್ಞ ಗುನ್ನಾರ್ ಬೋರ್ಗ್ ರೂಪಿಸಿದ ಶ್ರಮದ ಮಾಪಕದಲ್ಲಿ ಎರಡು ಬಗೆ ಪ್ರಸಿದ್ಧ: ಒಂದು 6ರಿಂದ 20ರವರೆಗೆ, ಇನ್ನೊಂದು 0ಯಿಂದ 10ರವರೆಗೆ. ಎರಡನೆಯದು ಎರಡು ಕೈಗಳಲ್ಲೇ ಸಿಗುತ್ತದೆ. ಮುಷ್ಟಿಯೆಂದರೆ ಏನೂ ಶ್ರಮವಿಲ್ಲ, ಹತ್ತೂ ಬೆರಳೆಂದರೆ ಇನ್ನು ಆಗದು. ನಾನು ಎರಡೂ ಕೈ ಎತ್ತಿ ಹುಬ್ಬೇರಿಸಿದರೆ ಎಲ್ಲರೂ ತಮ್ಮ ಬೆರಳು ತೋರಿಸುತ್ತಾರೆ. ಹತ್ತು ಸೆಕೆಂಡಿನಲ್ಲಿ ಇಡೀ ಕೋಣೆಯ ಸ್ಥಿತಿ ಗೊತ್ತಾಗುತ್ತದೆ, ಏದುಸಿರಿನಲ್ಲಿ ಯಾರೂ ಮಾತನಾಡಬೇಕಾಗಿಲ್ಲ.

ಆದರೆ ಮುಖ ಬಿಳಿಚಿ ತಣ್ಣನೆಯ ಬೆವರು, ತೂರಾಟ, ಎದೆಯ ಮೇಲೆ ಕೈ ಒತ್ತಿಕೊಳ್ಳುವುದು, ತುಟಿ ನೀಲಿಯಾಗುವುದು, ಕೇಳಿದ್ದಕ್ಕೆ ಸ್ಪಷ್ಟ ಉತ್ತರ ಬಾರದಿರುವುದು, ಇವುಗಳಲ್ಲಿ ಯಾವುದು ಕಂಡರೂ ಸನ್ನೆಯ ಕಾಲ ಮುಗಿಯಿತು. ಸಂಗೀತ ನಿಲ್ಲಿಸಿ, ಅವರನ್ನು ಕೂರಿಸಿ, ಬಾಯಿಬಿಟ್ಟು ಕೇಳಿ, ತುರ್ತು ನೆರವು ಕರೆಯಿರಿ.

ಹಂತ 9: ಸನ್ನೆ ತಲುಪದ ಜಾಗಗಳು

ಪ್ಲ್ಯಾಂಕ್‌ನಲ್ಲಿ (ಮುಂಗೈ ಮತ್ತು ಕಾಲ್ಬೆರಳುಗಳ ಮೇಲೆ ಮೈಯನ್ನು ನೇರವಾಗಿ ಹಿಡಿಯುವುದು) ಅವರ ಮುಖ ನೆಲಕ್ಕೆ. ಆಗ ಕೈ ಬೀಸುವುದು ವ್ಯರ್ಥ, ನಿಮ್ಮನ್ನು ನೋಡಲೆಂದು ಕತ್ತು ಎತ್ತಿದರೆ ಇನ್ನೂ ಕೆಟ್ಟದ್ದು. ಮಲಗುವ ಮೊದಲೇ ತೋರಿಸಿ ಮುಗಿಸಿ; ಆಮೇಲೆ ಚಪ್ಪಾಳೆ ಅಥವಾ ಚುಟುಕು ಮಾತು. ‘ಇನ್ನು ಹತ್ತು’ ಎಂದರೆ ಸಾಕು. ಕಣ್ಣು ಮುಚ್ಚಿ ವಿಶ್ರಮಿಸುವಾಗಲೂ ದನಿಯೇ ಬೇಕು, ಮೆಲ್ಲಗೆ.

ದೃಷ್ಟಿ ಕಡಿಮೆಯಿರುವವರಿಗೆ ಮಾತೇ ಆಧಾರ. ‘ಹೀಗೆ’, ‘ಅಲ್ಲಿ’ ಎನ್ನದೆ ‘ಬಲಗೈಯನ್ನು ಭುಜದ ಎತ್ತರಕ್ಕೆ’ ಎನ್ನಿ. ಕಿವಿ ಕೇಳಿಸದವರಿಗೆ ಮುಂದಿನ ಸಾಲಿನಲ್ಲಿ ಜಾಗ ಕೊಡಿ. ಅವರು ತುಟಿ ಓದುತ್ತಿರಬಹುದು, ಆದ್ದರಿಂದ ಮೈಕಿನಿಂದ ಬಾಯಿ ಮರೆಯಾಗದಿರಲಿ, ಮುಖದ ಮೇಲೆ ಬೆಳಕಿರಲಿ. ಸಂಗೀತ ಬದಲಾದದ್ದನ್ನು ದೀಪ ಒಮ್ಮೆ ಆರಿಸಿ ಹೊತ್ತಿಸಿ ತಿಳಿಸಬಹುದು, ಅದು ಅವರಿಗೆ ಹೊಂದುತ್ತದೆಯೇ ಎಂದು ಕೇಳಿಕೊಂಡು.

ಆನ್‌ಲೈನ್ ತರಗತಿಯಲ್ಲಿ ಕ್ಯಾಮೆರಾ ನಿಮ್ಮ ಪಾದದಿಂದ ಎತ್ತಿದ ಬೆರಳ ತುದಿಯವರೆಗೆ ಹಿಡಿಯಬೇಕು. ಹಲವು ವಿಡಿಯೊ ಕರೆಗಳಲ್ಲಿ ನಿಮ್ಮ ಪರದೆಯ ಮೇಲೆ ನೀವು ಕನ್ನಡಿಯಲ್ಲಿ ಕಂಡಂತೆ ಕಾಣುತ್ತೀರಿ, ಎದುರಿನವರಿಗೆ ಹಾಗೆ ಕಾಣುವುದಿಲ್ಲ. ಅವರಿಗೆ ನೀವು ಎದುರು ನಿಂತ ಮನುಷ್ಯ. ಹಂತ 4ರ ನಿಯಮವೇ ಅಲ್ಲೂ ನಡೆಯುತ್ತದೆ, ಆದರೂ ಗೆಳೆಯರೊಬ್ಬರನ್ನು ಕೂರಿಸಿ ಪರೀಕ್ಷಿಸಿ. ಚಿತ್ರ ತುಸು ತಡವಾಗಿ ತಲುಪುವುದರಿಂದ ನಾಲ್ಕರ ಬದಲು ಎಂಟು ಎಣಿಕೆ ಮುಂಚೆ ಸನ್ನೆ ಕೊಡಿ.

ಹಂತ 10: ಒಂದು ಹಾಡು, ಮಾತಿಲ್ಲದೆ

ಇಷ್ಟನ್ನೂ ಒಂದೇ ವಾರದಲ್ಲಿ ತರಬೇಡಿ. ಮೊದಲ ವಾರ ಬೆರಳೆಣಿಕೆ ಮಾತ್ರ. ಅದು ತಪ್ಪದೆ ಬರತೊಡಗಿದಾಗ ದಿಕ್ಕು, ಆಮೇಲೆ ಉಳಿದವು. ಒಂದು ತಿಂಗಳಾದ ಮೇಲೆ, ಎಲ್ಲರಿಗೂ ಪರಿಚಿತವಾದ ವ್ಯಾಯಾಮಗಳ ಒಂದು ಹಾಡನ್ನು ಆರಿಸಿ. ಯಾರಿಗೂ ನೋವಿಲ್ಲವೆಂದು ಕೇಳಿಕೊಂಡು, ‘ಈ ಹಾಡಿನಲ್ಲಿ ನಾನು ಮಾತನಾಡುವುದಿಲ್ಲ, ನನ್ನನ್ನು ನೋಡುತ್ತಿರಿ’ ಎಂದು ಹೇಳಿ ಶುರುಮಾಡಿ. ಮೈಕ್ ತೆಗೆದಿಡಿ. ಮಧ್ಯದಲ್ಲಿ ಗುಂಪು ಚದುರಿದರೆ ಕೂಗಬೇಡಿ; ನಿಂತಲ್ಲೇ ಹೆಜ್ಜೆಗೆ ಮರಳಿ, ಎಲ್ಲರೂ ಕೂಡುವವರೆಗೆ ಕಾದು, ನೆತ್ತಿ ತಟ್ಟಿ ಮೊದಲಿನಿಂದ ತನ್ನಿ. ಚದುರಿದ ಜಾಗವನ್ನು ನೆನಪಿಡಿ.

ಹಾಡು ಮುಗಿದ ಮೇಲೆ ಮುಂದಿನ ಸಾಲಿನವರನ್ನು ಬಿಟ್ಟು ಹಿಂದಿನ ಸಾಲಿನವರನ್ನು ಕೇಳಿ: ಯಾವ ಸನ್ನೆ ಅರ್ಥವಾಗಲಿಲ್ಲ, ಯಾವುದು ತಡವಾಯಿತು? ಎಲ್ಲ ಚೆನ್ನಾಗಿತ್ತು ಎಂದರೆ ಇನ್ನೊಮ್ಮೆ ಕೇಳಿ. ಅವರು ಹೇಳಿದ ಆ ಒಂದು ಸನ್ನೆಯನ್ನು ಮುಂದಿನ ತರಗತಿಗೆ ಬರುವ ಮೊದಲು ಬದಲಿಸಿ, ಅಂದಿನ ವಾರ್ಮ್‌ಅಪ್‌ನಲ್ಲೇ ಹೊಸದನ್ನು ತೋರಿಸಿ.